ಮಾವನ ಬೈಕು

ಸ್ಪ್ರಿಂಗು ಹಾರಿದ್ದು ಬೆಳಗಿನ ಕಾಫಿ ಆರುವ ಮೊದಲೇ. ಹೆಚ್ಚೆಂದರೆ ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದ. ಕಾರ್ಬುರೇಟರಿನ ಸ್ಕ್ರೂ ಒಂದು ಅಲುಗಾಡದಂತೆ ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಲೈಬ್ರರಿಯವರು ಉಸಿರು ಬಿಗಿಹಿಡಿದು, ಅದನ್ನು ಚಿಮುಟದಲ್ಲಿ ಎತ್ತಿ, ತೂತಿನೊಳಗೆ ಇಳಿಸುವಷ್ಟರಲ್ಲಿ ‘ಟಿಣ್’ ಎಂದಿತು. ಆಮೇಲೆ ನೋಡಿದರೆ ಚಿಮುಟ ಇತ್ತು, ತೂತು ಇತ್ತು, ಲೈಬ್ರರಿಯವರೂ ಇದ್ದರು. ಸ್ಪ್ರಿಂಗು ಮಾತ್ರ ಇರಲಿಲ್ಲ.

ವಾರದಲ್ಲಿ ಆರು ದಿನ ಪುಸ್ತಕದ ಬೀರುಗಳ ನಡುವೆ ಕೂತು ಎಲ್ಲರಿಗೂ ‘ಶ್’ ಎನ್ನುವುದು ಅವರ ಉದ್ಯೋಗ. ಭಾನುವಾರ ಅಂಗಳದ ತಗಡಿನ ಶೆಡ್ಡಿನಲ್ಲಿ ಕೂತು ಮೂಕ ಎಂಜಿನ್ನುಗಳಿಗೆ ಮಾತು ಬರಿಸುವುದು ಅವರ ಹುಚ್ಚು. ಯಾವ ಗ್ಯಾರೇಜಿನಲ್ಲೂ ಅವರು ಕೆಲಸ ಕಲಿತವರಲ್ಲ. ಓದಿ, ಬಿಚ್ಚಿ, ಕೆಡಿಸಿ, ಮತ್ತೆ ಓದಿ ಕಲಿತವರು. ಸ್ಪ್ಯಾನರುಗಳನ್ನು ಪುಸ್ತಕಗಳ ಹಾಗೆಯೇ ನಂಬರಿನ ಪ್ರಕಾರ ಗೋಡೆಗೆ ಸಾಲಾಗಿ ನೇತುಹಾಕಿದ್ದರು. ಯಾರಾದರೂ ಒಂದನ್ನು ಇನ್ನೊಂದರ ಮೊಳೆಗೆ ಸಿಕ್ಕಿಸಿದರೆ, ಊಟಕ್ಕೆ ಕೂತವರು ಎದ್ದು ಹೋಗಿ ಸರಿಮಾಡಿ ಬರುತ್ತಿದ್ದರು.

ಈಗ ಶೆಡ್ಡಿನ ನಡುವೆ ನಿಂತಿದ್ದದ್ದು ಮಾವನ ಬೈಕು. ಮಾವ ತೀರಿಕೊಂಡ ಮೇಲೆ ಅತ್ತೆಯ ಮನೆಯ ಹಿಂದೆ ಬಿದ್ದಿದ್ದ ಅದನ್ನು ಎರಡು ವರ್ಷದ ಕೆಳಗೆ ತಂದಾಗ, ಬೈಕು ಅನ್ನುವುದಕ್ಕಿಂತ ಎರಡು ಗೋಣಿಚೀಲ ತುಕ್ಕು ಅನ್ನಬಹುದಿತ್ತು. ಟ್ಯಾಂಕಿನೊಳಗೆ ಇರುವೆಗಳು ಹಲವು ತಲೆಮಾರು ಸಂಸಾರ ನಡೆಸಿದ್ದವು. ಲೈಬ್ರರಿಯವರು ಆ ಟ್ಯಾಂಕಿಗೆ ಸಣ್ಣ ಜಲ್ಲಿ ತುಂಬಿ, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ದಿನಗಟ್ಟಲೆ ಅಲ್ಲಾಡಿಸಿ ತುಕ್ಕು ಕಳೆದರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಎಲ್ಲವೂ ಒಂದೇ ಸ್ವರ ಹೇಳುವವರೆಗೆ ಬಿಗಿಮಾಡಿದರು. ಈಗ ಅದರ ಕಪ್ಪು ಬಣ್ಣದಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಇನ್ನು ಬಸ್ಸಿನಲ್ಲಿ ಜೋತಾಡುವುದು ತಪ್ಪುತ್ತದೆ, ಡುಗುಡುಗು ಎಂದು ಲೈಬ್ರರಿಗೆ ಹೋಗುತ್ತೇನೆ ಎಂಬ ಕನಸು ಅವರಿಗೆ.

ಆದರೆ ಹಿಂದಿನ ದಿನ ಅತ್ತೆಯ ಫೋನು ಬಂದಿತ್ತು. “ನಾಳೆ ಸಂಜೆ ಬರ್ತಿದೀನಿ ಅಳಿಯಂದ್ರೇ. ಅದು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬಿಡೋಣ. ಗುಜರಿಯವನಿಗೂ ಬರೋಕೆ ಹೇಳಿದೀನಿ.”

ಅಂಥ ದಿನವೇ ಸ್ಪ್ರಿಂಗು ಹಾರಬೇಕೆ?

ಲೈಬ್ರರಿಯವರು ಮಂಡಿಯೂರಿ ಹುಡುಕುತ್ತಿದ್ದುದನ್ನು ಎದುರುಮನೆಯ ಟೈಲರ್ ಕಾಂಪೌಂಡಿನ ಮೇಲಿಂದ ನೋಡಿದ.

“ಏನ್ ಸಾರ್, ವ್ಯಾಯಾಮಾನಾ?”

“ಸ್ಪ್ರಿಂಗ್ ಹಾರೋಯ್ತು ಮಾರಾಯಾ.”

“ಅಲ್ಲೇ ಇರಿ, ಅಲ್ಲಾಡ್ಬೇಡಿ! ಸೂಜಿ ಹುಡುಕೋದ್ರಲ್ಲಿ ನನ್ನ ಬಿಟ್ರೆ ಇಲ್ಲ,” ಎಂದು ಅವನು ಅಯಸ್ಕಾಂತ ಹಿಡಿದು ಬಂದೇಬಿಟ್ಟ. ಆ ಶೆಡ್ಡಿನ ನೆಲದಲ್ಲಿ ಅಯಸ್ಕಾಂತ ಆಡಿಸುವುದೆಂದರೆ ಜಾತ್ರೆಯಲ್ಲಿ ನಿಂತು ‘ಅಣ್ಣಾ’ ಎಂದು ಕೂಗಿದ ಹಾಗೆ. ಮೊಳೆ, ವಾಷರ್, ಕಬ್ಬಿಣದ ಪುಡಿ ಎಲ್ಲವೂ ಓಡಿ ಬಂದು ಅಂಟಿಕೊಂಡವು. ಕೊನೆಗೆ ಅವನ ಕೈಯಲ್ಲಿ ಅಯಸ್ಕಾಂತದ ಬದಲು ಒಂದು ಮುಳ್ಳುಹಂದಿ ಇತ್ತು. ಸ್ಪ್ರಿಂಗು ಇರಲಿಲ್ಲ.

ಗದ್ದಲ ಕೇಳಿ ಪಕ್ಕದ ಮನೆಯ ರಿಟೈರ್ಡ್ ಹೆಡ್ಮಾಸ್ಟರು ತಮ್ಮ ನಾಯಿಯೊಂದಿಗೆ ಬಂದರು. “ಯಾವ ಕೋನದಲ್ಲಿ ಹಾರಿತು? ವೇಗ ಎಷ್ಟಿರಬಹುದು?” ಎಂದು ಕೇಳಿ, ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೀಟು ಎಳೆದು, “ಖಂಡಿತ ಇಲ್ಲೇ ಬಿದ್ದಿದೆ,” ಎಂದು ಒಂದು ಜಾಗ ತೋರಿಸಿದರು. ಅಲ್ಲಿ ಹಳೆಯ ಆಯಿಲ್ ತುಂಬಿದ ಬಾಂಡ್ಲಿ ಇತ್ತು. ಟೈಲರ್ ಮೊಣಕೈಯವರೆಗೆ ಅದ್ದಿ ಹುಡುಕಿದ. ಕೈ ಕಪ್ಪಾಯಿತು, ಅಷ್ಟೇ.

ಆಗಲೇ ನಾಯಿ ನೆಲದಿಂದ ಏನನ್ನೋ ನೆಕ್ಕಿ ‘ಗುಳುಕ್’ ಎಂದಿತು.

“ನುಂಗ್ತು! ಕಣ್ಣಾರೆ ನೋಡ್ದೆ!” ಟೈಲರ್ ಕೂಗಿದ.

ಅಲ್ಲಿಯವರೆಗೆ ಕೋನ, ವೇಗ ಎನ್ನುತ್ತಿದ್ದ ಹೆಡ್ಮಾಸ್ಟರ ಮುಖ ಸುಣ್ಣವಾಯಿತು. “ಅಯ್ಯೋ ನನ್ನ ಕಂದಾ! ಕರುಳು ಹರಿದ್ರೆ ಏನ್ ಗತಿ? ನಿಮ್ಮ ಸ್ಪ್ರಿಂಗು ಕಣ್ರೀ, ನೀವೇ ಜವಾಬ್ದಾರಿ. ನಡೀರಿ ಡಾಕ್ಟರ್ ಹತ್ರ!”

“ಸಾರ್, ಸಂಜೆ ನಮ್ಮತ್ತೆ...”

“ಅತ್ತೆ ಮೇಲಾ, ಜೀವ ಮೇಲಾ?”

ಈ ಪ್ರಶ್ನೆಗೆ ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತಿರುವಾಗ ಉತ್ತರ ಕೊಡುವಂತಿರಲಿಲ್ಲ. ಲೈಬ್ರರಿಯವರು ನಾಯಿಯನ್ನು ಎತ್ತಿಕೊಂಡರು. ಆಟೋದಲ್ಲಿ ಕರುವಿನಷ್ಟು ಭಾರದ ಆ ಪ್ರಾಣಿ ಇವರ ತೊಡೆಯ ಮೇಲೆ ಕೂತು, ದಾರಿಯುದ್ದಕ್ಕೂ ಗಾಳಿ ಕುಡಿಯುತ್ತಾ ಬಲು ಖುಷಿಯಾಗಿತ್ತು.

ಪಶುವೈದ್ಯೆ ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು ಹುಬ್ಬೇರಿಸಿದರು. “ಸ್ಪ್ರಿಂಗ್ ಏನೂ ಇಲ್ಲ. ಆದ್ರೆ ಒಂದು ಕೀ ಇದೆ.”

ಹೆಡ್ಮಾಸ್ಟರು ಬಗ್ಗಿ ನೋಡಿದರು. “ಇದು ನಮ್ಮ ಬೀರುವಿನ ಕೀ! ನಾನೇ ಕಳೆದೆ ಅಂತ ನಮ್ಮವಳು ಒಂದು ವಾರದಿಂದ ಮಾತೇ ಬಿಟ್ಟಿದಾಳೆ. ಡಾಕ್ಟ್ರೇ, ಈ ಫೋಟೋ ನನಗೆ ಕೊಡ್ತೀರಾ? ಮನೇಲಿ ತೋರಿಸ್ಬೇಕು.”

ಕೀ ತಾನಾಗಿ ಹೊರಬರುತ್ತದೆ ಎಂದು ವೈದ್ಯೆ ಧೈರ್ಯ ಹೇಳಿ ಕಳಿಸಿದರು. ವಾಪಸು ಬರುವಾಗ ಬಿಸಿಲು ಇಳಿಮುಖವಾಗಿತ್ತು. ಗೇಟಿನ ಮುಂದೆ ಗುಜರಿಯವನು ತನ್ನ ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

“ಅಮ್ಮಾವ್ರು ಇವತ್ತೇ ಬರೋಕೆ ಹೇಳಿದ್ರು. ಪರವಾಗಿಲ್ಲ ಸಾರ್, ನಿಧಾನವಾಗಿ ಮುಗಿಸ್ಕೊಳ್ಳಿ,” ಎಂದು ಅವನು ಸುತ್ತಿಗೆ ಒರೆಸಿಕೊಂಡ.

ಭಾನುವಾರವಾದ್ದರಿಂದ ಅಂಗಡಿಗಳಿಗೆ ರಜ. ಟೈಲರ್ ಬೀದಿಯವರ ಪೆನ್ನುಗಳನ್ನೆಲ್ಲ ಬಿಚ್ಚಿಸಿ ಸ್ಪ್ರಿಂಗು ತಂದ. ಎಲ್ಲವೂ ಸಡಿಲ. ಲೈಬ್ರರಿಯವರು ಒಂದು ಗಳಿಗೆ ಕಣ್ಣು ಮುಚ್ಚಿ ಕೂತರು. ಆಮೇಲೆ ಎದ್ದು, ಹಳೆಯ ಕ್ಲಚ್ ಕೇಬಲ್ ಒಂದನ್ನು ತೆಗೆದು, ಅದರ ಉಕ್ಕಿನ ಎಳೆಗಳನ್ನು ಕೂದಲು ಬಿಡಿಸಿದಂತೆ ಬಿಡಿಸಿದರು. ಒಂದು ಎಳೆಯನ್ನು ತೆಳ್ಳನೆಯ ಮೊಳೆಗೆ ಸೇರಿಸಿ, ಮೊಳೆಯನ್ನು ಕೈ ಡ್ರಿಲ್ಲಿಗೆ ಕಚ್ಚಿಸಿ, ಎಡಗೈ ಹೆಬ್ಬೆರಳಿನಲ್ಲಿ ಎಳೆಯನ್ನು ಬಿಗಿಯಾಗಿ ಒತ್ತಿ ಮೆಲ್ಲಗೆ ತಿರುಗಿಸತೊಡಗಿದರು. ಮೊದಲನೆಯದು ಬಿಡಿಸಿಕೊಂಡಿತು. ಎರಡನೆಯದು ತುಂಡಾಗಿ ಬೆರಳು ಕೊಯ್ದಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದು ಎಳೆ ಹಿಡಿದರು. ಈ ಸಲ ಸುತ್ತಿನ ಪಕ್ಕ ಸುತ್ತು ಹೊಲಿಗೆ ಹಾಕಿದಂತೆ ಕೂತಿತು. ಟೈಲರ್ ಬಗ್ಗಿ ನೋಡಿದ.

“ನಮ್ಮ ಮೆಷಿನ್ನೂ ಇಷ್ಟು ಸಮ ಹೊಲಿಯಲ್ಲ ಸಾರ್,” ಎಂದ.

ಸ್ಪ್ರಿಂಗು ಕೂತಿತು. ಸ್ಕ್ರೂ ನಿಂತಿತು. ಲೈಬ್ರರಿಯವರು ಪೆಟ್ರೋಲ್ ಬಿಟ್ಟು, ಬೈಕು ಹತ್ತಿ ಕಿಕ್ ಹೊಡೆದರು. ಅಜ್ಜ ಕೆಮ್ಮಿದಂತಾಯಿತು. ಮತ್ತೆ ಹೊಡೆದರು. ಅಜ್ಜ ಮಲಗಿಬಿಟ್ಟ. ಗುಜರಿಯವನು ಗಾಡಿಯಿಂದ ಇಳಿದ. ಇನ್ನೊಂದು ಸಲ, ಮೈಭಾರವನ್ನೆಲ್ಲ ಕಾಲಿಗೆ ತಂದು...

ಡುಗ್. ಡುಗ್. ಡುಗುಡುಗುಡುಗುಡುಗು.

ತಗಡಿನ ಸೂರು ನಡುಗಿತು. ಸ್ಪ್ಯಾನರುಗಳು ಗೋಡೆಯಲ್ಲಿ ತಾಳ ಹಾಕಿದವು. ಹೆಡ್ಮಾಸ್ಟರು ಚಪ್ಪಾಳೆ ತಟ್ಟಿದರು, ನಾಯಿ ಸುತ್ತು ಹೊಡೆಯಿತು. ಗುಜರಿಯವನು ಸುತ್ತಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, “ಇಂಥದ್ದನ್ನ ಒಡೆಯೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ ಬಿಡಿ,” ಎಂದ. ಆಗ ಟೈಲರಿಗೆ, ತಾನೇ ಹೊಲಿದುಕೊಟ್ಟಿದ್ದ ಲೈಬ್ರರಿಯವರ ಪ್ಯಾಂಟಿನ ಕಾಲಿನ ಮಡಿಕೆಯಲ್ಲಿ ಏನೋ ಮಿನುಗಿದ್ದು ಕಂಡಿತು. ಬೆಳಗಿನ ಸ್ಪ್ರಿಂಗು! ಊರೆಲ್ಲ ಹುಡುಕಿದ್ದು, ನಾಯಿಯ ಹೊಟ್ಟೆಯನ್ನೂ ಬಿಡದೆ ನೋಡಿದ್ದು ಇದಕ್ಕೇ. ಲೈಬ್ರರಿಯವರು ನಕ್ಕು ಅದನ್ನು ಕಿಸೆಗೆ ಹಾಕಿಕೊಂಡರು. ತಮ್ಮ ಕೈಯಿಂದ ಮಾಡಿದ್ದನ್ನು ಬಿಚ್ಚಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಗೇಟಿನ ಹತ್ತಿರವೇ ನಿಂತು, ಕಣ್ಣು ಮುಚ್ಚಿ ಶಬ್ದ ಕೇಳಿದರು. ಪಾಪ, ಮಾವನ ನೆನಪಾಗಿರಬೇಕು ಎಂದುಕೊಂಡರು ಲೈಬ್ರರಿಯವರು.

ಅತ್ತೆ ಕಣ್ಣು ಬಿಟ್ಟರು. “ಸ್ಕ್ರೂಡ್ರೈವರ್ ಕೊಡಿ.”

ಕೊಟ್ಟರು. ಆಕೆ ಬಗ್ಗಿ, ಕಾರ್ಬುರೇಟರಿನ ಸ್ಕ್ರೂವನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರು. ಡುಗುಡುಗು ಇದ್ದದ್ದು ಮೆತ್ತಗಾಗಿ, ತೃಪ್ತಿಯಾಗಿ ಉಂಡ ಬೆಕ್ಕಿನ ಗುರುಗುಟ್ಟುವಿಕೆಯಂತಾಯಿತು.

“ಅತ್ತೆ! ಮಾವ ನಿಮಗೂ ಕಲಿಸಿದ್ರಾ?”

“ನಿಮ್ಮ ಮಾವಾನಾ?” ಅತ್ತೆ ನಕ್ಕರು. “ಅವರಿಗೆ ಸೈಕಲ್ಲೂ ಬರ್ತಿರ್ಲಿಲ್ಲ. ಬೈಕ್ ಇದ್ದದ್ದು ಅವರ ಹೆಸರಲ್ಲಿ. ಅವರು ಇದ್ದದ್ದು ಹಿಂದಿನ ಸೀಟಲ್ಲಿ.”

ಆಮೇಲೆ ಆಕೆ ಬೈಕಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಟ್ಯಾಂಕು ಸವರಿದರು, ಚಕ್ರದ ಕಡ್ಡಿ ಮೀಟಿ ಕೇಳಿದರು, ಹೊಸ ಸ್ಪ್ರಿಂಗನ್ನು ಕನ್ನಡಕ ಏರಿಸಿ ನೋಡಿದರು. “ಇದು ನೀವೇ ಸುತ್ತಿದ್ದಾ? ಊರಲ್ಲಿ ಎಲ್ಲ ಗ್ಯಾರೇಜಿನವರೂ ಆಗಲ್ಲ ಅಂದಿದ್ರು ಕಣ್ರೀ. ನಿಮ್ಮಂಥ ಕೈ ನಾನು ನೋಡಿಲ್ಲ.” ಆಕೆಯ ದನಿ ನಿಜವಾಗಿಯೂ ಒದ್ದೆಯಾಗಿತ್ತು.

ಲೈಬ್ರರಿಯವರು ಅಲ್ಲೇ ಒಂದು ಅಂಗುಲ ಎತ್ತರವಾದರು. ಇನ್ನೂ ಎತ್ತರವಾಗುತ್ತಿದ್ದರೋ ಏನೋ, ಅಷ್ಟರಲ್ಲಿ ಅತ್ತೆ ಮೊಳೆಗೆ ನೇತುಹಾಕಿದ್ದ ಅವರ ಹೆಲ್ಮೆಟ್ ತೆಗೆದು ತಲೆಗಿಟ್ಟುಕೊಂಡು, ಬೈಕು ಹತ್ತಿ ಕೂತರು.

“ಬರ್ತೀನಿ ಕಣೇ ಮಗಳೇ. ಕತ್ತಲಾಗೋದ್ರೊಳಗೆ ಮನೆ ಸೇರ್ಬೇಕು. ಹೆಲ್ಮೆಟ್ ಆಮೇಲೆ ಕಳಿಸ್ತೀನಿ ಅಳಿಯಂದ್ರೇ.”

ಬೈಕು ಗೇಟು ದಾಟಿತು. ದಾರಿ ಬಿಟ್ಟುಕೊಟ್ಟ ಗುಜರಿಯವನು ಒಂದು ಸಲಾಮನ್ನೂ ಹೊಡೆದ.

ಲೈಬ್ರರಿಯವರು ಹೆಂಡತಿಯ ಕಡೆ ತಿರುಗಿದರು. “ನಿನಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ನಾನು ಸ್ಕೂಲಿಗೆ ಹೋಗ್ತಿದ್ದದ್ದೇ ಅಮ್ಮನ ಮುಂದೆ ಟ್ಯಾಂಕ್ ಮೇಲೆ ಕೂತು.”

“ಮತ್ತೆ ಹೇಳ್ಬಾರ್ದಿತ್ತಾ?”

“ಅಮ್ಮಂದು ಅಂದಿದ್ರೆ, ಇಷ್ಟು ಚೆನ್ನಾಗಿ ಮಾಡ್ತಿದ್ರಾ?” ಅವಳು ಬಾಂಡ್ಲಿ ಎತ್ತಿ ಪಕ್ಕಕ್ಕಿಟ್ಟಳು. “ಗುಜರಿ ಅಂತ ಹೆದರಿಸಿರ್ಲಿಲ್ಲ ಅಂದ್ರೆ, ಇನ್ನೂ ಎರಡು ವರ್ಷ ಪಾಲಿಶ್ ಉಜ್ಜುತ್ತಾ ಕೂರ್ತಿದ್ರಿ.”

ಕೋಪ ಬರಬೇಕಿತ್ತು. ಬರುವುದರಲ್ಲೂ ಇತ್ತು. ಅಷ್ಟರಲ್ಲಿ ಬೀದಿಯ ಕೊನೆಯ ಏರಿನಲ್ಲಿ ಅತ್ತೆ ಗೇರು ಬದಲಿಸಿದರು. ಎಂಜಿನ್ನು ಒಂದಿಷ್ಟೂ ಮುಗ್ಗರಿಸದೆ, ಹಾಡುಗಾರ ಉಸಿರು ಎಳೆದುಕೊಂಡಷ್ಟು ನವಿರಾಗಿ, ಮೇಲಿನ ಶ್ರುತಿಗೆ ಏರಿತು.

ಟೈಲರ್ ಏನೋ ಹೇಳಲು ಬಾಯಿ ತೆರೆದ.

“ಶ್!” ಎಂದರು ಲೈಬ್ರರಿಯವರು. ಕಿವಿಗೆ ಅಂಗೈ ಹಿಡಿದು, ಶಬ್ದ ತಿರುವಿನಾಚೆ ಕರಗುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: “ಆ ಏರಲ್ಲಿ ನಾನಾಗಿದ್ರೆ ಖಂಡಿತ ಗಾಡಿ ಆಫ್ ಮಾಡ್ಕೊಂಡಿರ್ತಿದ್ದೆ.”