ಒಂದು ಚಕ್ಕಲಿ ಒರಳು, ಮೂರು ಹೊಸ ಮೋಟರು

ಕೆಟ್ಟದ್ದನ್ನು ಬಿಚ್ಚಿದಾಗ ನನ್ನಿಂದ ಇಂದಿನವರೆಗೆ ಯಾವ ಅನಾಹುತವೂ ಆಗಿಲ್ಲ. ಚೆನ್ನಾಗಿ ನಡೆಯುತ್ತಿದ್ದುದನ್ನು ಬಿಚ್ಚಿದಾಗಲೇ ಹೀಗೆಲ್ಲ ಆಗುತ್ತದೆ. ಬಿಚ್ಚುವ ಚಟ ಬಿಡದ ಕಾರಣ ಆಗುತ್ತಲೇ ಇರುತ್ತದೆ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ. ರೈತರ ಪಂಪಿನ ಮೋಟರು ಸುಟ್ಟರೆ ಹಳೆಯ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿಕೊಡುವುದು ನನ್ನ ಹೊಟ್ಟೆಪಾಡು. ಸಿಎನ್‌ಸಿ ಲೇತ್ ನನ್ನ ಹುಚ್ಚು. ಕಂಪ್ಯೂಟರಿನಲ್ಲಿ ಅಳತೆ ಬರೆದುಕೊಟ್ಟರೆ ಹಿತ್ತಾಳೆಯನ್ನೋ ಕಬ್ಬಿಣವನ್ನೋ ತಾನೇ ತಿರುಗಿಸಿ ಕಡೆದುಕೊಡುವ ಯಂತ್ರ ಅದು. ಕಾರ್ಖಾನೆಯ ದೊಡ್ಡದಲ್ಲ, ಮೇಜಿನ ಮೇಲೆ ಕೂರುವ ಮರಿ. ಹುಬ್ಬಳ್ಳಿಯ ಹವ್ಯಾಸಿಯೊಬ್ಬರು ಮನೆ ಬದಲಿಸುವಾಗ ನನಗೆ ದಾಟಿಸಿದರು. "ಚಲೋ ನಡದೈತ್ರಿ, ಏನೂ ಬಿಚ್ಚಾಕ ಹೋಗಬ್ಯಾಡ್ರಿ" ಎಂದು ಹೇಳಿಯೇ ಕೊಟ್ಟಿದ್ದರು. ಆ ಮಾತು ಕೇಳಿದ್ದರೆ ಇಷ್ಟೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಕನ್ನಡಿ

ಬ್ಯಾಡಗಿಯಲ್ಲಿರುವ ನನ್ನ ಅಕ್ಕ ಒಂದು ದಿನ ಚೀಲದಲ್ಲಿ ಏನನ್ನೋ ಭದ್ರವಾಗಿ ಸುತ್ತಿಕೊಂಡು ಅಂಗಡಿಗೆ ಬಂದಳು. ಬಿಚ್ಚಿದರೆ ಅವ್ವನ ಹಿತ್ತಾಳೆಯ ಚಕ್ಕಲಿ ಒರಳು. ಅವ್ವ ಹೋಗಿ ಬಹಳ ವರ್ಷವಾಯಿತು. ಒರಳು ಅಕ್ಕನ ಪಾಲಿಗೆ ಬಂದಿತ್ತು. ಮೇಲಿನ ಹಿಡಿಕೆ ಹಿಡಿದು ತಿರುವಿದರೆ ತಿರುಪು ಕೆಳಗಿಳಿದು ಹಿಟ್ಟನ್ನು ಒತ್ತಬೇಕು. ಆದರೆ ತಿರುಪಿನ ಎಳೆಗಳು ಸವೆದು, ಎಷ್ಟು ತಿರುವಿದರೂ ಅದು ನಿಂತಲ್ಲೇ ಸುತ್ತುತ್ತಿತ್ತು.

ಆ ಒರಳಿಗೂ ಅಕ್ಕನಿಗೂ ಒಂದು ಹಳೆಯ ಜಗಳವಿದೆ. ಅಕ್ಕ ಎಡಚಿ. ಊಟವನ್ನಷ್ಟೇ ಬೈದು ಬೈದು ಬಲಗೈಗೆ ತಂದಿದ್ದರು. ಉಳಿದ ಕೆಲಸವೆಲ್ಲ ಎಡಗೈಯದೇ. ಚಕ್ಕಲಿ ಮಾಡುವಾಗ ಅವ್ವ, "ನಿನ್ನ ಕೈಗೆ ಇದು ತಿರುಗಂಗಿಲ್ಲ, ನೀ ಒಲಿ ಮುಂದ ಕುಂದ್ರು" ಎಂದು ಅವಳನ್ನು ಎಣ್ಣೆಯ ಬಾಣಲೆಗೆ ಅಟ್ಟುತ್ತಿದ್ದಳು. ಹೀಗಾಗಿ ಅಕ್ಕ ಜೀವಮಾನವೆಲ್ಲ ಚಕ್ಕಲಿ ಕರಿದಿದ್ದಾಳೆ, ಒತ್ತಿಲ್ಲ. ಆದರೂ ಆ ಒರಳನ್ನು ಕಂಡರೆ ಅವಳಿಗೆ ಪ್ರಾಣ.

"ನಾಗರಪಂಚಮಿಗೆ ಮಾಡಿಕೊಡು ತಮ್ಮಾ. ಹಬ್ಬಕ್ಕ ನಿಮ್ಮ ಮನಿಗೇ ಬರ್ತೀನಲ್ಲ, ಇದರಾಗ ಒತ್ತೂಣು."

ಲೇತ್ ಆಗ ನಡೆಯುತ್ತಿತ್ತು. ಸ್ವಲ್ಪ ನಿಧಾನ, ಅಷ್ಟೇ. ಅದೇ ವಾರ ಹೊಸ ತಿರುಪು ಕಡೆದು ಕೊಟ್ಟುಬಿಡಬಹುದಿತ್ತು. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ. ಆದರೆ ಅಂದು ನನ್ನ ತಲೆಯೊಳಗೆ ಲೇತಿನ ಹೊಸ ಮೋಟರು ಹೊಕ್ಕಿದ್ದವು. ಕಡೆಯಬೇಕಾದ ತುಂಡನ್ನು ತಿರುಗಿಸಲು ಒಂದು, ಕಡೆಯುವ ಉಳಿಯನ್ನು ಹಿಂದೆ ಮುಂದೆ ಸರಿಸಲು ಒಂದು, ಒಳಗೆ ಹೊರಗೆ ಸರಿಸಲು ಇನ್ನೊಂದು.

"ತಡೀ ಅಕ್ಕಾ, ಹೊಸಾ ಮೋಟರ್ ಹಾಕಿ ಮಾಡಿಕೊಡ್ತೀನಿ. ಕನ್ನಡಿ ಹಂಗ ಬರತೈತಿ ನೋಡು."

ಅಕ್ಕ ಚೀಲ ಮಡಚುತ್ತ ಹೇಳಿದಳು: "ಕನ್ನಡಿ ಮನ್ಯಾಗ ಐತೋ, ನನಗ ಬೇಕಾಗಿದ್ದು ಚಕ್ಕಲಿ."

ಎರಡು ತಂತಿ

ಪಂಪಿನ ಮೋಟರು ಉಲ್ಟಾ ತಿರುಗಿದರೆ ಮದ್ದು ಒಂದೇ. ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಬೇಕು. ಇದು ನನಗಷ್ಟೇ ಅಲ್ಲ, ತುಂಗಭದ್ರೆಯ ದಂಡೆಯ ಪ್ರತಿಯೊಬ್ಬ ರೈತನಿಗೂ ಗೊತ್ತು. ನನ್ನ ಕೈಗಳಂತೂ ಅದನ್ನು ನನ್ನನ್ನು ಕೇಳದೆಯೇ ಮಾಡುತ್ತವೆ.

ಹೊಸ ಮೋಟರು ಬಂದವು, ಕೂರಿಸಿದೆ. ಹಾವೇರಿಯಲ್ಲಿ ಐಟಿಐ ಮಾಸ್ತರರೊಬ್ಬರು ನನ್ನ ಗೆಳೆಯರು. ಈ ಹೊಸ ವಿದ್ಯೆಯಲ್ಲಿ ನನ್ನ ಗುರುಗಳೂ ಅವರೇ. ಫೋನ್ ಹಚ್ಚಿ, "ತುಂಡು ತಿರುಗಿಸೂ ಮೋಟರು ಉಲ್ಟಾ ತಿರಗಾಕತ್ತೈತ್ರಿ ಮಾಸ್ತರ" ಎಂದೆ. ಅವರು, "ಪಂಪಿನ ಮೋಟರಿನಂಗ ತಂತಿಗೆ ಮಾತ್ರ ಕೈ..." ಎನ್ನುವಷ್ಟರಲ್ಲಿ ನನ್ನ ಕೈ ಎರಡು ತಂತಿಗಳನ್ನು ಬದಲಿಸಿ ಸ್ವಿಚ್ಚನ್ನೂ ಒತ್ತಿತ್ತು.

ಮೋಟರು ಚಳಿಜ್ವರ ಬಂದಂತೆ ನಡುಗಿತು. ಅದನ್ನು ನಡೆಸುವ ಡ್ರೈವರ್ ಪೆಟ್ಟಿಗೆಯೊಳಗೆ ಟಪ್ ಎಂದಿತು. ಸಣ್ಣಗೆ ಹೊಗೆ ಎದ್ದಿತು. "...ಹಚ್ಚಬ್ಯಾಡ್ರಿ" ಎಂದು ಮಾಸ್ತರರು ಮಾತು ಮುಗಿಸಿದರು.

ಅಂಗಡಿಯಲ್ಲಿ ಐರಣಿಯ ರೈತರೊಬ್ಬರು ತಮ್ಮ ಸುಟ್ಟ ಮೋಟರು ತಂದು ಕುಳಿತಿದ್ದರು. ಅವರು ಮೂಗರಳಿಸಿ, "ಹೊಸಾದು ಅಂದ್ರಿ, ವಾಸನಿ ಮಾತ್ರ ನಮ್ಮ ಸುಟ್ಟ ಮೋಟರಿನದ ಐತಲ್ರಿ" ಎಂದರು.

ಆಮೇಲೆ ತಮ್ಮ ಮೋಟರನ್ನು ಮೆಲ್ಲಗೆ ಎತ್ತಿಕೊಂಡರು. "ನಾಳೆ ಬರ್ತೀನ್ರಿ. ಇವತ್ತ ನಿಮ್ಮ ಕೈ ಸರಿ ಇಲ್ಲ."

ಒಗ್ಗರಣೆ

ಹೊಸ ಡ್ರೈವರ್ ಪೆಟ್ಟಿಗೆಯನ್ನು ಫೋನಿನಲ್ಲಿ ತರಿಸಬೇಕಿತ್ತು. ಆ ವ್ಯವಹಾರ ನನಗೆ ಬಾರದ್ದರಿಂದ ಅಕ್ಕನ ಗಂಡ, ನಮ್ಮ ಭಾವ ತರಿಸಿಕೊಟ್ಟರು. ಅವರ ಫೋನಿನಲ್ಲಿದ್ದದ್ದು ಅವರದೇ ವಿಳಾಸ. ಪಾರ್ಸೆಲ್ಲು ನೆಟ್ಟಗೆ ಬ್ಯಾಡಗಿಯಲ್ಲಿರುವ ಅವರ ಮೆಣಸಿನಕಾಯಿ ಅಂಗಡಿಗೆ ಹೋಯಿತು. ಅಸಲಿಯೋ ನಕಲಿಯೋ ನೋಡಿಯೇಬಿಡೋಣ ಎಂದು ಭಾವ ಅದನ್ನು ಬಿಚ್ಚಿ, ತೃಪ್ತಿಪಟ್ಟು, ಮೆಣಸಿನಕಾಯಿ ಚೀಲಗಳ ಮೇಲೆ ಜೋಪಾನವಾಗಿ ಇಟ್ಟರು. ಎತ್ತರದಲ್ಲಿದ್ದರೆ ಇಲಿ ಮುಟ್ಟುವುದಿಲ್ಲವಂತೆ. ಅವರಿಗೆ ಬಿಡುವಾಗಿ ಅದು ನನ್ನ ಕೈಸೇರುವ ಹೊತ್ತಿಗೆ ಪಂಚಮಿ ಹತ್ತಿರ ಬಂದಿತ್ತು.

ಈ ಸಲ ತಪ್ಪಬಾರದೆಂದು ಹಾವೇರಿಯಿಂದ ಮಾಸ್ತರರೇ ಬಂದು ತಂತಿ ಜೋಡಿಸಿದರು. ಸ್ವಿಚ್ ಒತ್ತಿದೆ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಫ್ಯಾನು ಇರುತ್ತದೆ. ಅದು ತಿರುಗಿದ್ದೇ ತಡ, ಒಳಗೆ ಕುಳಿತಿದ್ದ ಬ್ಯಾಡಗಿಯ ಕೆಂಪು ಧೂಳೆಲ್ಲ ಒಮ್ಮೆಲೇ ಹೊರಗೆ ಬಂತು. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ ಎನ್ನುತ್ತಾರೆ. ಮೂಗಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಮಾಸ್ತರರು ಸೀನುತ್ತ ಸೀನುತ್ತ ಕನ್ನಡಕ ಬೀಳಿಸಿಕೊಂಡರು. ನಾನು ಸ್ವಿಚ್ ಆರಿಸಲು ಕಣ್ಣು ಕಾಣದೆ ಗೋಡೆ ತಡವರಿಸುತ್ತಿದ್ದೆ. ಮೋಟರು ಯಾವ ಕಡೆಗೆ ತಿರುಗುತ್ತಿದೆ ಎಂದು ನೋಡುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಮಾಸ್ತರರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಿಕ್ಕ ಬಸ್ಸು ಹತ್ತಿದರು.

ಅಂಗಡಿಯ ಮೇಲೆಯೇ ನಮ್ಮ ಮನೆ. ಹೆಂಡತಿ ಮೆಟ್ಟಿಲ ಮೇಲಿಂದ ಕೆಮ್ಮುತ್ತ ಕೂಗಿದಳು: "ಅನ್ನ ಈಗ ಇಟ್ಟೀನ್ರೀ. ನೀವ್ಯಾಕ ಇಷ್ಟ ಲಗೂ ಒಗ್ಗರಣಿ ಹಾಕಿದ್ರಿ?"

ಗಟ್ಟಿ ಮೋಟರು

ಧೂಳು ಅಡಗಿದ ಮೇಲೆ ನೋಡಿದರೆ ಮೋಟರು ಇನ್ನೂ ಉಲ್ಟಾ ತಿರುಗುತ್ತಿತ್ತು. ಫೋನ್ ಮಾಡಿದೆ. "ಅದನ್ನ ಕಂಪ್ಯೂಟರಿನ ಸೆಟ್ಟಿಂಗ್‌ನಾಗ ಬದಲಿ ಮಾಡಬೇಕ್ರಿ. ಐತವಾರ ಬಂದು ಮಾಡಿಕೊಡ್ತೀನಿ" ಎಂದರು ಮಾಸ್ತರರು. ಧ್ವನಿ ಇನ್ನೂ ಮೂಗಿನಲ್ಲೇ ಇತ್ತು.

ಐತವಾರ ಬರುವ ಮೊದಲೇ ಪಂಚಮಿ ಬರುವುದಿತ್ತು. ತಂತಿ ಮುಟ್ಟುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ್ದೆ. ಆಗ ನನಗೊಂದು ಉಪಾಯ ಹೊಳೆಯಿತು. ತುಂಡು ಉಲ್ಟಾ ತಿರುಗಿದರೆ ತಿರುಗಲಿ, ಕಡೆಯುವ ಉಳಿಯನ್ನೇ ಬೋರಲು ಹಾಕಿದರಾಯಿತು! ಅಡಿಗೆ ಒಂದು ತಗಡು ಕೊಟ್ಟು ಉಳಿಯನ್ನು ತಲೆಕೆಳಗಾಗಿ ಬಿಗಿದೆ. ಬೆಣ್ಣೆಯಂತೆ ಕಡೆಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಇನ್ನು ಅಳತೆ. ಅವ್ವನ ಹಳೆಯ ತಿರುಪಿನ ತುದಿ ನಜ್ಜುಗುಜ್ಜಾಗಿತ್ತು. ಒಂಚೂರು ಸವರಿ ಆಮೇಲೆ ಅಳೆಯೋಣವೆಂದು ಹಿಡಿಕೆ ಕಳಚಿಟ್ಟು, ತಿರುಪನ್ನು ಯಂತ್ರಕ್ಕೆ ಕಚ್ಚಿಸಿದೆ. ಉಳಿ ಎಷ್ಟು ಒಳಗೆ ಸರಿಯಬೇಕೆಂಬ ಸಂಖ್ಯೆ ಒತ್ತುವಾಗ ಒಂದು ಸೊನ್ನೆ ಹೆಚ್ಚಾಯಿತು. ಹಳೆಯ ಮೋಟರುಗಳು ಬಡಪಾಯಿಗಳು, ಎದುರಿಗೆ ಏನಾದರೂ ತಡೆದರೆ ಗರ್ ಎಂದು ನಿಂತುಬಿಡುತ್ತಿದ್ದವು. ಹೊಸವು ನಿಲ್ಲಲಿಲ್ಲ. ನಾನು ಓಡಿ ಆರಿಸುವಷ್ಟರಲ್ಲಿ ಅವ್ವನ ತಿರುಪು ಎರಡು ತುಂಡಾಗಿತ್ತು.

ಮರುದಿನ ಅಕ್ಕ ಬಂದಳು. ಚಕ್ಕಲಿಯ ಹಿಟ್ಟು ಬೀಸಿಸಿ, ಡಬ್ಬಿ ತುಂಬ ತಂದಿದ್ದಳು. ನಾನು ಎರಡು ತುಂಡುಗಳನ್ನು ಅವಳ ಕೈಯಲ್ಲಿಟ್ಟೆ. ಅವಳು ಅವನ್ನು ಒಂದಕ್ಕೊಂದು ಕೂಡಿಸಿ ನೋಡಿದಳು. ಮತ್ತೆ ಬಿಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅವ್ವ ಜೀವ ಇರೂತನಾ ತಿರುವಿದ್ರೂ ಬರೇ ಸವದಿತ್ತು" ಎಂದಳು. "ನಿನ್ನ ಮೋಟರ್ ಗಟ್ಟಿ ಅದಾವ ಬಿಡು."

ಆ ಪಂಚಮಿಗೆ ನಮ್ಮ ಮನೆಯಲ್ಲಿ ಸಿಹಿ ಉಂಡಿಯಷ್ಟೇ ಆಯಿತು, ಚಕ್ಕಲಿ ಆಗಲಿಲ್ಲ. ಹೋಗುವಾಗ ಅಕ್ಕ ಹಿಟ್ಟಿನ ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಹೋದಳು. ಆ ಡಬ್ಬಿ ಇಂದಿಗೂ ನನ್ನ ಕಣ್ಣ ಮುಂದಿದೆ.

ಬೋರಲು

ಆಮೇಲೆ ಒರಳಿನ ಕೆಲಸ ಬಿಟ್ಟು ನಾನು ಬೇರೆ ಯಾವುದನ್ನೂ ಆ ಯಂತ್ರಕ್ಕೆ ಹಾಕಲಿಲ್ಲ. ಮಾಸ್ತರರ ಐತವಾರ ಒಂದು ಸಲ ಪರೀಕ್ಷೆಗೆ, ಒಂದು ಸಲ ಯಾರದೋ ಮದುವೆಗೆ ಮುಂದೆ ಹೋಗುತ್ತಿತ್ತು. ಬೋರಲು ಉಳಿಯಲ್ಲೇ ಹೊಸ ಹಿತ್ತಾಳೆಯಿಂದ ತಿರುಪು ಕಡೆದೆ, ಅದು ಹೊಕ್ಕು ತಿರುಗುವ ಮುಚ್ಚಳವನ್ನೂ ಕಡೆದೆ. ಒಂದರಲ್ಲೊಂದು ನುಣ್ಣಗೆ ಕೂತವು. ಮೇಲೆ ಅವ್ವನ ಕೈಯಲ್ಲಿ ನುಣುಪಾಗಿದ್ದ ಹಳೆಯ ಹಿಡಿಕೆಯನ್ನೇ ಹಾಕಿದೆ. ಖರೇ ಹೇಳುತ್ತೇನೆ, ಕನ್ನಡಿಯ ಹಾಗೇ ಬಂದಿತ್ತು.

ದೀಪಾವಳಿಗೆ ಮುಂಚೆ ರೈಲು ಹತ್ತಿ ಬ್ಯಾಡಗಿಗೆ ಒಯ್ದೆ. ಅಕ್ಕ ಅಭ್ಯಾಸಬಲದಿಂದ ಬಾಣಲೆಯ ಮುಂದೆ ಕುಳಿತಳು. ಅವಳ ಸೊಸೆ ಹಿಟ್ಟು ತುಂಬಿ ಒರಳು ಹಿಡಿದಳು. ಪಕ್ಕದಲ್ಲಿ ಅಕ್ಕನ ಪುಟ್ಟ ಮೊಮ್ಮಗಳು ಎಡಗೈಯಲ್ಲಿ ಹಸಿ ಹಿಟ್ಟು ಕದಿಯುತ್ತಿದ್ದಳು. ಸೊಸೆ ಆ ಕೈಗೆ ಒಂದೇಟು ಕೊಟ್ಟು, "ಆ ಕೈಲೆ ಬ್ಯಾಡ ಅಂತ ಎಷ್ಟ ಸಲ ಹೇಳಬೇಕು?" ಎಂದು ಗದರಿದಳು. ಆಮೇಲೆ ಹಿಡಿಕೆ ತಿರುವಿದಳು. ತಿರುವಿದಳು. ಇನ್ನೂ ತಿರುವಿದಳು.

"ಮಾಮಾರ, ಇದು ಇಳಿಯವಲ್ಲದು, ಮ್ಯಾಲ ಏರಾಕತ್ತೈತ್ರಿ!" ಎಂದು ನನ್ನ ಕಡೆ ತಿರುಗಿದಳು.

ಭಾವ ಬಂದರು. "ಹೆಂಗಸರ ಕೈಲೆ ಎಲ್ಲಿ ಆಗತೈತಿ, ಇಲ್ಲಿ ಕೊಡು" ಎಂದು ತೋಳೇರಿಸಿ ಬಲ ಹಾಕಿ ತಿರುವಿದರು. ತಿರುಪು ಇಡಿಯಾಗಿ ಕಳಚಿ ಅವರ ಕೈಗೆ ಬಂತು.

ನನಗೆ ಆಗ ತಿಳಿಯಿತು. ಉಲ್ಟಾ ತಿರುಗುವ ತುಂಡಿಗೆ ಎಳೆ ಕಡೆದರೆ ಎಳೆಯೂ ಉಲ್ಟಾ ಆಗುತ್ತದೆ. ತಿರುಪು ಮತ್ತು ಮುಚ್ಚಳ ಎರಡೂ ಒಂದೇ ತಪ್ಪಿನಲ್ಲಿ ಹುಟ್ಟಿದ್ದರಿಂದ ಒಂದಕ್ಕೊಂದು ಸರಿಯಾಗಿ ಕೂತಿದ್ದವು. ಲೋಕದ ಒರಳೆಲ್ಲ ಬಲಕ್ಕೆ ತಿರುವಿದರೆ ಒತ್ತುತ್ತವೆ, ನನ್ನದು ಎಡಕ್ಕೆ ತಿರುವಿದರೆ. ಮಳೆಗಾಲವೆಲ್ಲ ಒದ್ದಾಡಿ, ಅವ್ವನ ತಿರುಪನ್ನೂ ಕಳೆದು, ಕೊನೆಗೆ ತಂದದ್ದು ಇದು! ಅಕ್ಕನ ಮುಖ ನೋಡಲಾಗಲಿಲ್ಲ.

"ಕೊಡು ಅಕ್ಕಾ, ಒಯ್ದು ಮತ್ತ ಮಾಡಿಕೊಂಡು ಬರ್ತೀನಿ."

"ಮತ್ತ ಒಯ್ತಿ? ಮುಂದಿನ ಪಂಚಮಿಗೆ?" ಅಕ್ಕ ಎದ್ದು ಬಂದು ಒರಳು ಕಸಿದುಕೊಂಡಳು. ಬಲಗೈಯಲ್ಲಿ ಅದನ್ನು ತಬ್ಬಿ ಹಿಡಿದು, ಎಡಗೈಯನ್ನು ಅವ್ವನ ಹಿಡಿಕೆಯ ಮೇಲಿಟ್ಟು, ತನಗೆ ತಿಳಿದ ಕಡೆಗೆ ತಿರುವಿದಳು.

ಹಿಟ್ಟು ಸರಸರ ಇಳಿಯಿತು. ಒಂದು ಸುತ್ತು, ಅದರ ಹೊರಗೆ ಇನ್ನೊಂದು, ಮತ್ತೊಂದು. ಅಕ್ಕ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಚಕ್ಕಲಿ ಮುಗಿದ ಮೇಲೆ ಕೈ ನಿಲ್ಲಿಸದೆ ಇನ್ನೊಂದು ಶುರು ಮಾಡಿದಳು.

ಇದೇ ಸಮಯವೆಂದು ನಾನು ಬಾಯಿ ಹಾಕಿದೆ. "ನಿನಗಂತನ ಹಂಗ ಮಾಡೀನಿ ಅಕ್ಕಾ."

"ಸುಳ್ಳ ಹೇಳಬ್ಯಾಡ. ಈಗ ನಿನ್ನ ಮಾರಿ ಹೆಂಗಾಗಿತ್ತು ನೋಡೀನಿ."

ನಿಜ, ಸುಳ್ಳೇ. ನನಗೆ ಈಗಲೂ ನೋಯುವುದು ಅದೇ. ಹುಟ್ಟಿದಾಗಿನಿಂದ ಅವಳ ಕೈ ನೋಡಿದ್ದೇನೆ, ದಿನ ಬೆಳಗಾದರೆ ಮೋಟರುಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತೇನೆ. ಅಕ್ಕನಿಗೊಂದು ಎಡಕ್ಕೆ ತಿರುಗುವ ಒರಳು ಮಾಡಿಕೊಡಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

ಅಂದು ಸೊಸೆ ಬಾಣಲೆಯ ಮುಂದೆ ಕುಳಿತಳು. ಮೊದಲ ಚಕ್ಕಲಿ ಕರಿದು ಬಂದಾಗ ಅಕ್ಕ ಅದನ್ನು ನನ್ನ ಕೈಗಿಟ್ಟಳು. "ತಿನ್ನು. ಇದು ಪಂಚಮಿದು."

ನಾನು ಒಂದು ಚೂರೂ ಬಿಡದೆ ತಿಂದೆ. ಆಮೇಲೆ, ಇನ್ನು ಮುಂದೆ ಹೀಗಾಗುವುದಿಲ್ಲ, ಬರುವ ಐತವಾರ ಮಾಸ್ತರರು ಬಂದು ಯಂತ್ರ ಸರಿ ಮಾಡಿಕೊಡುತ್ತಾರೆ ಎಂದೆ.

ಅಕ್ಕನ ಕೈ ತಿರುವುವುದನ್ನು ನಿಲ್ಲಿಸಿತು. ಹಿಟ್ಟು ಮೆತ್ತಿದ ಎಡಗೈಯನ್ನು ನೆಕ್ಕುತ್ತಿದ್ದ ಮೊಮ್ಮಗಳ ಕಡೆ ಒಮ್ಮೆ ನೋಡಿದಳು.

"ಆ ಮಾಸ್ತರಗ ಈಗ ಫೋನ್ ಹಚ್ಚಿ, ಐತವಾರ ಬರೂದು ಬ್ಯಾಡ ಅನ್ನು" ಎಂದಳು. "ಇನ್ನೊಂದ ಒರಳ ಆಗೂತನಾ ಅದು ಕೆಟ್ಟ ಇರಲಿ."