ಮನೆ ತುಂಬಾ ಹುಳು, ಇಂಗ್ಲಿಷಿನಲ್ಲಿ

ನಾನು ಮೂರನೇ ಕ್ಲಾಸು ಪಾಸು. ನಾಲ್ಕಕ್ಕೆ ಸೇರುವ ಹೊತ್ತಿಗೆ ತಮ್ಮ ಹುಟ್ಟಿದ, ಬಂದು ಸೊಂಟದ ಮೇಲೆ ಕೂತ, ಓದು ಅಲ್ಲಿಗೆ ಸಮಾಪ್ತಿ. ಆದರೂ ಇಂಗ್ಲಿಷು ಮಹಾ ವಿದ್ಯೆಯೇನಲ್ಲ ಎಂಬ ನಂಬಿಕೆ ನನಗೆ ಗಟ್ಟಿಯಾಗಿತ್ತು. ಬಿಡದಿ ಕಡೆಯ ಫ್ಯಾಕ್ಟರಿಗಳು ನಮ್ಮ ಬೈರಮಂಗಲದತ್ತ ಕಾಲು ಚಾಚಿದ ಮೇಲೆ ಇಂಗ್ಲಿಷು ಕಾಂಗ್ರೆಸ್ ಗಿಡದ ಹಾಗೆ ಬೇಲಿ ಹಾರಿ ಊರೊಳಗೆ ಬಂದಿತ್ತು. ಕಟಿಂಗ್ ಶಾಪಿನವನು ಗಿರಾಕಿಗಳಿಗೆ ‘ವೇಟ್ ಮಾಡಿ’ ಎನ್ನುತ್ತಿದ್ದ. ದನ ಮೇಯಿಸುವ ಕೆಂಪಯ್ಯ ಎಮ್ಮೆಗೆ ‘ಸ್ಟಾಪ್’ ಎನ್ನುತ್ತಿದ್ದ. ಎಮ್ಮೆ ನಿಲ್ಲುತ್ತಿತ್ತು.

ಎಮ್ಮೆಗೆ ಬಂದದ್ದು ನನಗೆ ಬಾರದೇ?

ನಮ್ಮ ಮನೆಯ ಮಗ್ಗುಲಿಗೆ ಒಂದು ರೂಮು ಕಟ್ಟಿಸಿ ಅಮಿತ್ ಎಂಬ ಹುಡುಗನಿಗೆ ಬಾಡಿಗೆಗೆ ಕೊಟ್ಟಿದ್ದೆವು. ಪಾಟ್ನಾ ಕಡೆಯವನು, ಫ್ಯಾಕ್ಟರಿಯಲ್ಲಿ ಇಂಜಿನಿಯರು. ಬಂದು ಎರಡು ವಾರ ಆಗಿತ್ತಷ್ಟೆ. ನೋಡಿದಾಗಲೆಲ್ಲ ‘ಅಜ್ಜಿ ನಮಸ್ತೆ’ ಎಂದು ಕೈ ಮುಗಿಯುತ್ತಿದ್ದ. ಒಳ್ಳೆಯವನು. ಮುಂದೆ ಆದದ್ದೆಲ್ಲ ಆ ಒಳ್ಳೆಯತನದಿಂದಲೇ.

ಮನೆಯೊಳಗೆ ಹುಳು ಇದ್ದವು, ರೇಷ್ಮೆ ಗೂಡು ಕಟ್ಟುವವು. ಹಿಂದಿನ ಬೆಳೆ ಸುಣ್ಣಕಟ್ಟು ರೋಗ ಬಂದು ತಿಪ್ಪೆಗೆ ಹೋಗಿತ್ತು. ‘ಇದೂ ಹೋದ್ರೆ ಸೊಪ್ಪಿನ ತೋಟ ಕಿತ್ತಾಕಿ ಅಲ್ಲೂ ರೂಮೇ ಕಟ್ಸಾನ’ ಎಂದು ಮಗ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಸೊಸೆ ಶೋಭಾ ಪಿಯುಸಿ ಓದಿದವಳು. ‘ಈ ಸಲ ನಾನು ನೋಡ್ಕತೀನಿ ಬುಡಿ ಅತ್ತೆ’ ಎಂದಳು. ನಾನಿರುವಾಗ ಹುಳು ಮನೆಗೆ ಇನ್ನೊಬ್ಬಳು ಯಜಮಾನಿಯೇ? ಅವಳಿಗೆ ಸೊಪ್ಪು ಹೊರುವ ಕೆಲಸ ಮಾತ್ರ ಕೊಟ್ಟೆ.

ಬೆಳೆ ಚೆನ್ನಾಗಿ ಬಂತು. ನಾಲ್ಕನೇ ಜ್ವರ ಮುಗಿಸಿ, ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳು ಬೆರಳಿನಷ್ಟು ದಪ್ಪವಾಗಿ, ನಡುಮನೆ, ಅಡುಗೆಮನೆ, ಮಲಗುವ ಕೋಣೆ ಎಲ್ಲ ಕಡೆಯೂ ಅವುಗಳ ತಟ್ಟೆ ಹರಡಿ, ನಾವು ಹಾಸಿಗೆ ಸುತ್ತಿಕೊಂಡು ಜಗಲಿಗೆ ಬಂದೆವು. ಹುಳು ಸಾಕುವವರ ಮನೆಯಲ್ಲಿ ಇದು ಸಿರಿ. ಮನುಷ್ಯರು ಒಳಗೆ ಮಲಗಿದ್ದಾರೆ ಎಂದರೆ ಬೆಳೆ ಸಣ್ಣದು ಎಂದೇ ಅರ್ಥ.

ಅಮಿತ್ ನಮ್ಮ ಹಾಸಿಗೆ ನೋಡಿ, ‘ಅಜ್ಜಿ, ವೈ ಔಟ್‌ಸೈಡ್ ಸ್ಲೀಪಿಂಗ್?’ ಎಂದು ಕೇಳಿದ. ಅರ್ಥವಾಯಿತು. ಉತ್ತರಕ್ಕೆ ಇಂಗ್ಲಿಷು ಗೊತ್ತಿರಲಿಲ್ಲ. ‘ವೇಟ್’ ಎಂದು ಹೇಳಿ ಹಿತ್ತಲಿಗೆ ಹೋದೆ.

‘ಶೋಭಾ, ಮನೆ ತುಂಬಾ ಹುಳ ಅವೆ ಅನ್ನಕ್ಕೆ ಇಂಗ್ಲಿಷ್ನಾಗೆ ಏನಂತಾರೆ?’

‘ಸಿಲ್ಕ್ ವರ್ಮ್ಸ್ ಆಲ್ ಓವರ್ ದ ಹೌಸ್ ಅನ್ನಿ.’

‘ಹೌಸ್ ಫುಲ್ ಅಂದ್ರೆ ಆಗಕಿಲ್ವಾ?’

‘ಅದು ಟೆಂಟ್ ಸಿನಿಮಾಕ್ಕೆ, ಅತ್ತೆ.’

‘ಮೂಲೆ ಮೂಲೆಗೂ ಅವೆ ಅನ್ನಕ್ಕೆ?’

‘ಎವೆರಿವೇರ್.’

‘ಈ ತುದಿಯಿಂದ ಆ ತುದಿಗಂಟ?’

‘ಥ್ರೂಔಟ್. ಇದೆಲ್ಲ ಯಾಕೆ ನಿಮ್ಗೆ? ನಾನೇ ಹೇಳ್ತೀನಿ ಅವ್ರಿಗೆ.’

‘ನೀನು ಹೇಳದು ಬ್ಯಾಡ. ಬಾಯಿ ನಂಗೂ ಐತೆ.’

ಕನ್ನಡದಲ್ಲಿ ‘ತುಂಬಾ’ ಒಂದಿದ್ದರೆ ಸಾಕು. ಊರ ತುಂಬಾ ಜನ, ಮನೆ ತುಂಬಾ ಹುಳು, ಬಾಯಿ ತುಂಬಾ ಎಲೆಯಡಿಕೆ. ಇಂಗ್ಲಿಷಿನವರಿಗೆ ಮೇಲೆ ಹರಡಿದ್ದಕ್ಕೆ ಒಂದು, ಉದ್ದಕ್ಕೂ ಇದ್ದರೆ ಇನ್ನೊಂದು, ಮೂಲೆಗೆ ಮತ್ತೊಂದು. ಯಾವುದು ಎಲ್ಲಿಗೆ ಎಂದು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮೂರನ್ನೂ ಹಾಕಿದರೆ ಒಂದಾದರೂ ತಗಲುತ್ತದೆ ಎಂದುಕೊಂಡೆ. ‘ಸಿಲ್ಕ್’ ಅನ್ನು ಮಾತ್ರ ಕೈಬಿಟ್ಟೆ. ನಮ್ಮ ಕಡೆ ಯಾರಾದರೂ ರೇಷ್ಮೆ ಹುಳು ಎನ್ನುತ್ತಾರೆಯೇ? ಹುಳು ಎಂದರೆ ಹುಳು.

ಜಗಲಿಗೆ ಬಂದು, ಸೆರಗು ಸರಿಮಾಡಿಕೊಂಡು, ಭಾಷಣಕ್ಕೆ ನಿಂತವಳ ಹಾಗೆ ನಿಂತು ಹೇಳಿದೆ:

‘ವರ್ಮ್ಸ್. ಆಲ್ ಓವರ್ ದ ಹೌಸ್. ಎವೆರಿವೇರ್. ಥ್ರೂಔಟ್.’

ಅವನ ಮುಖ ಬದಲಾಯಿತು. ‘ಕಿಚನ್ ಆಲ್ಸೋ?’

‘ಕಿಚನ್ ಎವೆರಿವೇರ್.’

‘ಬೆಡ್?’

‘ಬೆಡ್ ಥ್ರೂಔಟ್.’

‘ಈಟಿಂಗ್?’

‘ಈಟಿಂಗ್, ಡೇ, ನೈಟ್. ನೋ ಸ್ಟಾಪ್.’ ಬೆರಳು ತೋರಿಸಿ, ಇಷ್ಟು ದಪ್ಪ ಎಂದೂ ಹೇಳಿದೆ.

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಬೆಳೆ ಕೇಳಿ ಬೆರಗಾದ ಎಂದು ನನಗೆ ಹೆಮ್ಮೆ. ‘ಡೋಂಟ್ ವರಿ ಅಜ್ಜಿ, ಟುಮಾರೋ ಐ ವಿಲ್ ಡೂ ಸಮ್‌ಥಿಂಗ್’ ಎಂದ. ಏನೆಂದು ತಿಳಿಯಲಿಲ್ಲ. ಮರ್ಯಾದೆಗೆ ‘ಥ್ಯಾಂಕ್ಯೂ’ ಎಂದೆ.

ನನ್ನ ಇಂಗ್ಲಿಷು ಒಂದಕ್ಷರ ಬಿಡದೆ ಅವನಿಗೆ ಅರ್ಥವಾಗಿತ್ತು. ಅದೇ ಅನಾಹುತ.

ಮಾರನೆಯ ದಿನ ಮಗ ಕೆಲಸಕ್ಕೆ ಹೋದ. ಹುಳು ಹಣ್ಣಾದಾಗ ಗೂಡು ಕಟ್ಟಲು ಚಂದ್ರಿಕೆ ಬೇಕಲ್ಲ, ಅದನ್ನು ತರಲು ಶೋಭಾ ನೆಂಟರ ಮನೆಗೆ ಹೋದಳು. ನಾನು ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದರೆ ಜಗಲಿಯ ಮೇಲೆ ಇಬ್ಬರು ಗಂಡಸರು. ಮೂಗಿಗೆ ಬಟ್ಟೆ, ಬೆನ್ನಿಗೆ ಔಷಧಿಯ ಕ್ಯಾನು, ಕೈಯಲ್ಲಿ ಪೈಪು. ಪಕ್ಕದಲ್ಲಿ ಅಮಿತ್, ಉಡುಗೊರೆ ತಂದ ಅಳಿಯನ ಹಾಗೆ ನಗುತ್ತಿದ್ದ.

ಸೊಳ್ಳೆಬತ್ತಿಯ ಹೊಗೆ ತಾಗಿದರೂ ಸಾಯುವ ಜೀವ ಒಳಗಿರುವುದು. ಹೊರೆ ಎಸೆದು ಬಾಗಿಲಿಗೆ ಅಡ್ಡ ನಿಂತೆ.

‘ಜರುಗಜ್ಜಿ, ಸಾಹೇಬ್ರು ಇಡೀ ಮನೆಗೆ ಹೊಡೀರಿ ಅಂದವ್ರೆ’ ಎಂದ ಒಬ್ಬ.

‘ಹೊಡುದ್ರೆ ನಿನ್ ಕೈ ಮುರೀತೀನಿ.’

‘ಒಂದ್ ಜಿರಳೆನೂ ಉಳಿಯಕಿಲ್ಲ ಕಣಜ್ಜಿ.’

‘ಜಿರಳೆ ಅಲ್ಲ ಕಣೋ, ನನ್ನ ಬದುಕು ಒಳಗಿರದು.’

ಅಮಿತನಿಗೆ ತಿಳಿಯಲಿ ಎಂದು ಇಂಗ್ಲಿಷಿಗೆ ಬಾಯಿ ತೆರೆದೆ. ನನ್ನ ಉಗ್ರಾಣದಲ್ಲಿ ಇದ್ದದ್ದೇ ಅಷ್ಟು. ‘ವರ್ಮ್ಸ್! ಎವೆರಿವೇರ್! ಥ್ರೂಔಟ್!’ ಎಂದು ಕಿರುಚಿದೆ. ಅಮಿತ್ ಕೂಡಲೇ ಆ ಇಬ್ಬರ ಕಡೆ ತಿರುಗಿ, ‘ಯೆಸ್ ಯೆಸ್, ಎವೆರಿವೇರ್’ ಎಂದು ಬೇಗ ಬೇಗ ಕೈ ಬೀಸಿದ.

ಪೈಪಿಗೆ ಕೈ ಹಾಕಿ ಎಳೆದೆ. ಪೈಪಿನವನೂ ಎಳೆದ. ಗುಂಡಿ ಒತ್ತಿಕೊಂಡಿತು. ತಲೆಯಿಂದ ಕಾಲಿನವರೆಗೆ ಔಷಧಿ ನನಗೇ ಅಭಿಷೇಕವಾಯಿತು. ಆಲ್ ಓವರ್ ಎಂದರೆ ಏನು ಎಂದು ಆಗ ಪೂರ್ತಿ ತಿಳಿಯಿತು.

ಅಷ್ಟರಲ್ಲಿ ಶೋಭಾ ಚಂದ್ರಿಕೆಯ ಗಾಡಿಯಿಂದ ಇಳಿದಳು. ನನ್ನನ್ನು ನೋಡಿದಳು, ಪೈಪನ್ನು ನೋಡಿದಳು, ‘ಅಮಿತ್, ಸಿಲ್ಕ್’ ಎಂದಳು. ಒಂದೇ ಪದ. ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಕ್ಕರಿಸಿದ.

ಹುಳು ಉಳಿದವು. ಆದರೆ ಔಷಧಿ ಸೋಕಿದವರು ಹುಳು ಮನೆಗೆ ಕಾಲಿಡುವಂತಿಲ್ಲ. ಸೀಗೆಪುಡಿ ಹಾಕಿ ತಿಕ್ಕಿದೆ, ಬೂದಿ ಹಾಕಿ ತಿಕ್ಕಿದೆ, ವಾಸನೆ ಜಗ್ಗಲಿಲ್ಲ. ಮೇವು ಹಾಕುವುದು, ಹಣ್ಣಾದ ಹುಳು ಆಯುವುದು, ಚಂದ್ರಿಕೆಗೆ ಬಿಡುವುದು ಎಲ್ಲವೂ ಶೋಭಾಳದ್ದೇ ಆಯಿತು. ಪಾಪಪರಿಹಾರಕ್ಕೆ ಅಮಿತ್ ದಿನಾ ಕೈ ತೊಳೆದುಕೊಂಡು ಬಂದು ಅವಳು ಹೇಳಿದ ಹಾಗೆ ಸೊಪ್ಪು ಹಾಕಿದ. ನಾನು ಕಿಟಕಿಯಲ್ಲಿ ನಿಂತು ‘ಅಷ್ಟು ದಪ್ಪ ಹಾಕ್ಬೇಡಿ’ ಎಂದರೆ, ‘ವಾಸ್ನೆ ಒಳಿಕ್ ಬತ್ತದೆ ಅತ್ತೆ’ ಎಂದು ಶೋಭಾ ಕಿಟಕಿ ಮುಚ್ಚಿದಳು. ವಿನಯವಾಗಿಯೇ ಮುಚ್ಚಿದಳು.

ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿದಾಗ ನೂಲು ತೆಗೆಯುವವರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗಿದರು. ‘ಇಂಥ ಗೂಡು ನಿಮ್ಮನೇದು ಯಾವತ್ತೂ ಬಂದಿರ್ನಿಲ್ವಲ್ಲಜ್ಜಿ, ಈ ಸಲ ಏನ್ ಮಾಡುದ್ರಿ?’ ಎಂದು ಒಬ್ಬ ಕೇಳಿದ.

ನಾನು ಈ ಸಲ ಏನೂ ಮಾಡಿರಲಿಲ್ಲ. ಅದೇ ಗುಟ್ಟು.

ತೋಟ ಕೀಳುವ ಮಾತನ್ನು ಮಗ ಮತ್ತೆ ಎತ್ತಲಿಲ್ಲ. ಈಗ ಮುಂದಿನ ಬೆಳೆಗೆ ಮರಿ ಬಂದಿವೆ. ಶೋಭಾ ಬಾಗಿಲಲ್ಲಿ ನಿಂತು, ‘ಒಳಿಕ್ ಬತ್ತೀರಾ ಅತ್ತೆ, ಇಲ್ಲಾ ವಾಸ್ನೆ ಇನ್ನೂ ಐತಾ?’ ಎಂದು ಕೇಳಿದಳು.

ವಾಸನೆ ಹೋಗಿ ಬಹಳ ದಿನವಾಯಿತು. ಇನ್ನೂ ಇದೆ ಎಂದು ನಾನೇ ಹೇಳಿಕೊಂಡು ಜಗಲಿಯಲ್ಲಿ ಕೂತಿದ್ದೇನೆ.