ಗೆದ್ದಷ್ಟೂ ದೂರವಾದ ಭಾನುವಾರ

ಮೇಷ್ಟ್ರಗಿರಿಯಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಮಕ್ಕಳು ಮಾಡದಿದ್ದರೆ ಮೇಲಿನವರು ಮಾಡುತ್ತಾರೆ. ಆದರೆ ನಾನು ಟಿ.ವಿ. ಕ್ವಿಜ್‌ನಲ್ಲಿ ವಾರವಾರವೂ ಗೆಲ್ಲುತ್ತಾ ಹೋದೆನಲ್ಲ, ಆಗ ಆದಷ್ಟು ಇನ್ಯಾವಾಗಲೂ ಆಗಲಿಲ್ಲ.

ನಾನು ಕೊಳಾಲದ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ನಮ್ಮವರು ಗಣಿತದ ಮೇಷ್ಟ್ರು. ಅವರ ಶಾಲೆ ಪಾವಗಡದಿಂದಾಚೆ, ಇಲ್ಲಿ ಕೋಳಿ ಕೂಗಿದರೆ ಆಂಧ್ರದವರು ಏಳುವಷ್ಟು ಗಡಿಯಲ್ಲಿ. ಮನೆ ನಡುವೆ, ಮಧುಗಿರಿಯಲ್ಲಿ. ಅವರು ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಮಧ್ಯಾಹ್ನ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಹೊರಡುತ್ತಿದ್ದರು. ವರ್ಗಾವಣೆ ಕೇಳಿ ಕೇಳಿ ಇಬ್ಬರಿಗೂ ಸಾಕಾಗಿತ್ತು. ನಮ್ಮ ಸಂಸಾರ ಅಂದರೆ ಒಂದು ಭಾನುವಾರ, ಅಷ್ಟೇ. ಕ್ವಿಜ್‌ನ ಶೂಟಿಂಗೂ ಭಾನುವಾರವೇ, ಬೆಂಗಳೂರಿನಲ್ಲಿ. ಗೆದ್ದವರು ಮುಂದಿನ ಭಾನುವಾರ ಮತ್ತೆ ಹೋಗಬೇಕು. ನಾನು ಗೆದ್ದುಬಿಟ್ಟೆ.

ಕಡ್ಲೆಬೀಜ

ಮೊದಲನೇ ವಾರ ನಮ್ಮವರೂ ಜೊತೆಗೆ ಬಂದಿದ್ದರು. ಪ್ರೇಕ್ಷಕರ ಸಾಲಿನಲ್ಲಿ ಕೂರಿಸಿದರು. ಅವರಿಗೆ ಗಾಬರಿಯಾದರೆ ಬಾಯಿಗೆ ಏನಾದರೂ ಬೇಕು. ಜೇಬಿನ ತುಂಬಾ ಹುರಿದ ಕಡ್ಲೆಬೀಜ ತಂದಿದ್ದರು. ನನಗೆ ಪ್ರಶ್ನೆ ಬಿದ್ದಾಗಲೆಲ್ಲ ಒಂದೊಂದೇ ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡುತ್ತಾ ಅಗಿಯುವುದು. ಶೂಟಿಂಗ್ ನೋಡಿಕೊಳ್ಳುವ ಹುಡುಗಿ ಓಡಿ ಬಂದಳು.

"ಸಾರ್, ನೀವು ಮೇಡಂಗೆ ತುಟಿಯಲ್ಲೇ ಉತ್ತರ ಹೇಳ್ಕೊಡ್ತಾ ಇದ್ದೀರಿ."

"ಇಲ್ಲಮ್ಮ, ಕಡ್ಲೆಬೀಜ."

"ಬಾಯಿ ತೆಗೀರಿ."

ಡಾಕ್ಟರ ಮುಂದೆ ತೆಗೆದ ಹಾಗೆ ತೆಗೆದರು. ಬೀಜ ಕಾಣಿಸಿತು. ಆದರೂ ಅವಳಿಗೆ ನಂಬಿಕೆಯಿಲ್ಲ. ಇನ್ನು ಮೇಲೆ ಇವರನ್ನು ಒಳಗೆ ಬಿಡಬೇಡಿ ಅಂದುಬಿಟ್ಟಳು. ನಮ್ಮವರು ಎದ್ದು ಹೋಗುವಾಗ ಒಂದೇ ಮಾತು ಹೇಳಿದರು: "ಉತ್ತರ ಗೊತ್ತಿದ್ದಿದ್ರೆ ನಂಗ್ಯಾಕಮ್ಮ ಗಾಬರಿ?"

ಬಸ್ ಸ್ಟ್ಯಾಂಡು

ಆಮೇಲೆ ಶನಿವಾರ ನಮ್ಮ ಭೇಟಿ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲೇ. ಅವರು ಪಾವಗಡದ ಬಸ್ಸಿಂದ ಇಳಿಯುವುದು, ನಾನು ಬೆಂಗಳೂರು ಬಸ್ಸು ಹತ್ತುವುದು. ನಡುವೆ ಸಿಗುತ್ತಿದ್ದದ್ದು ಒಂದು ಟೀ ಕುಡಿಯುವಷ್ಟು ಹೊತ್ತು. ವಾರವೆಲ್ಲ ಹೇಳಬೇಕೆಂದುಕೊಂಡದ್ದು ಆಗ ಒಂದೂ ಬಾಯಿಗೆ ಬರುತ್ತಿರಲಿಲ್ಲ. "ಮೊಸರು ಹೆಪ್ಪಾಕಿದೀನಿ" ಅನ್ನುತ್ತಿದ್ದೆ. "ಸರಿ" ಅನ್ನುತ್ತಿದ್ದರು. ಅವರ ಅಂಗಿಯ ಗುಂಡಿ ಕಿತ್ತುಹೋದದ್ದು ಕಾಣುತ್ತಿತ್ತು, ಹೊಲಿಯಲು ಹೊತ್ತಿರಲಿಲ್ಲ.

ಒಂದು ಶನಿವಾರ ಧೈರ್ಯ ಮಾಡಿ, "ರೀ, ನೀವಿಲ್ದೆ ನಂಗೆ..." ಅಂತ ಶುರು ಮಾಡಿದೆ. ಅಷ್ಟರಲ್ಲಿ ಒಬ್ಬ ಅಜ್ಜಿ ಇಬ್ಬರ ನಡುವೆ ತಲೆ ತೂರಿಸಿತು.

"ಟೀವೀಲಿ ಬರೋ ಟೀಚರಮ್ಮ ನೀನೇಯಾ? ಏನ್ ಕೇಳಿದ್ರೂ ಯೋಳ್ತೀಯಂತೆ?"

"ಕೇಳಜ್ಜಿ."

"ಐ.ಡಿ.ಹಳ್ಳಿ ಬಸ್ಸು ಎಷ್ಟೊತ್ಗೆ ಬತ್ತದೆ?"

"ಗೊತ್ತಿಲ್ಲಜ್ಜಿ."

ಅಜ್ಜಿ ನನ್ನ ಬಿಟ್ಟು ನಮ್ಮವರ ಕಡೆ ತಿರುಗಿ ಮರುಕದಿಂದ ಅಂದಿತು: "ಇಷ್ಟೂ ಗೊತ್ತಿಲ್ಲ ಕಣಪ್ಪ. ಅದೆಂಗೆ ಬಾಳಾಟ ಮಾಡ್ತಿದೀಯೋ!"

ಸಿರಾದ ದುವಾ

ನನ್ನ ತವರು ಸಿರಾ. ಅಲ್ಲಿನ ಸೀರೆ ಅಂಗಡಿಯ ಭಾಯ್ ನನ್ನ ಮದುವೆ ಸೀರೆಯನ್ನೂ ಕೊಟ್ಟವರು, ಅಪ್ಪನ ಗೆಳೆಯರು. ನಾನು ಟಿ.ವಿ.ಯಲ್ಲಿ ಉಟ್ಟ ಸೀರೆಯೇ ಬೇಕೆಂದು ಮಾರನೇ ದಿನ ಹೆಂಗಸರು ಅವರ ಅಂಗಡಿಗೆ ಮುಗಿಬೀಳುತ್ತಿದ್ದರಂತೆ.

ನನಗೋ ಸಂಕಟ. ಗೊತ್ತಿರುವ ಉತ್ತರವನ್ನು ಗೊತ್ತಿಲ್ಲ ಅನ್ನಲು ಬಾಯಿ ಬರುವುದಿಲ್ಲ. ಗಂಟೆ ಒತ್ತುವಾಗ ಹಿಗ್ಗು, ಗೆದ್ದೆ ಅಂದ ತಕ್ಷಣ ಮಧುಗಿರಿಯಲ್ಲಿ ಒಬ್ಬರೇ ಅನ್ನ ಬಡಿಸಿಕೊಳ್ಳುತ್ತಿರುವವರ ನೆನಪು. ಅಂಗಡಿಯಲ್ಲಿ ಇದನ್ನೆಲ್ಲ ಹೇಳಿಕೊಂಡು ಅತ್ತೇಬಿಟ್ಟೆ.

"ಭಾಯ್, ನಾನು ಸೋಲೋ ಹಂಗೆ ಒಂದು ದುವಾ ಮಾಡಿ."

ಅವರ ಕಣ್ಣಲ್ಲೂ ನೀರು. "ಮಾಡ್ತೀನಿ ಬೇಟಿ, ಜರೂರ್ ಮಾಡ್ತೀನಿ. ಗಂಡ ಹೆಂಡ್ತಿ ದೂರ ಇರಬಾರದು." ಮೇಲಿಂದ ಒಂದು ಕಟ್ಟು ಇಳಿಸಿ ನನ್ನ ಮುಂದಿಟ್ಟರು. "ಮೊದ್ಲು ಈ ಮೆಂತೆ ಬಣ್ಣದ್ದು ಒಂದು ಖಾಲಿ ಆಗ್ಲಿ."

ಮನೆಯೊಡತಿಯ ಫೋನು

ಕಾರ್ಯಕ್ರಮ ಟಿ.ವಿ.ಯಲ್ಲಿ ಬರುತ್ತಿದ್ದದ್ದು ಬುಧವಾರ ಸಂಜೆ. ನಮ್ಮವರ ರೂಮಿನಲ್ಲಿ ಟಿ.ವಿ. ಇಲ್ಲ, ಮನೆಯೊಡತಿಯ ಹಜಾರದಲ್ಲಿ ನೋಡುತ್ತಿದ್ದರು. ಆಕೆಯದು ಅರ್ಧ ತೆಲುಗು, ಅರ್ಧ ಕನ್ನಡ. ಒಂದು ದಿನ ನನಗೆ ಫೋನ್ ಮಾಡಿದಳು.

"ಏಮಮ್ಮಾ, ನಿನ್ನ ಗಂಡ ಚಾಲಾ ಒಳ್ಳೇವ್ನು. ನೀನು ಟೀವೀಲಿ ಬಂದ್ರೆ ನಮ್ಮನ್ನ ಮಾತಾಡಕ್ಕೇ ಬಿಡಲ್ಲ. ತಟ್ಟೆ ಇಟ್ಕೊಂಡು ನಿನ್ನ ಎದುರಿಗೇ ಕೂತ್ಕೊಂಡು ಊಟ ಮಾಡ್ತಾನೆ."

ಫೋನನ್ನು ಕಿವಿಗೆ ಒತ್ತಿಕೊಂಡೆ. "ಆಮೇಲೆ?"

"ಆಮೇಲೆ ಏಮುಂದಿ, ಅಡ್ವರ್ಟೈಸು ಬಂತು. ಸೋಪು ಹಿಡ್ಕೊಂಡು ಒಬ್ಬಳು ಬಂದ್ಳು. ಇನ್ನೊಂದು ಸಲ ಅನ್ನ ಹಾಕಿಸ್ಕೊಂಡ."

ಓಡಿಪೋಯಿಂದಿ

ಕೊನೆಗೂ ಒಂದು ಭಾನುವಾರ ಸೋತೆ. ಕ್ರಿಕೆಟ್ ಪ್ರಶ್ನೆ, ನಿಜವಾಗಿಯೂ ಗೊತ್ತಿರಲಿಲ್ಲ. ಗೆದ್ದವನು ದಾವಣಗೆರೆಯ ಒಬ್ಬ ಕಾಲೇಜು ಹುಡುಗ. ಎದೆಯಲ್ಲಿ ಏನೋ ಚುಳ್ಳೆಂದಿತು, ಹಿಂದೆಯೇ ಹಗುರಾಯಿತು. ನಮ್ಮವರಿಗೆ ಫೋನಿನಲ್ಲಿ ಹೇಳಿ, ಶಾಲೆಗೆ ರಜೆ ಹಾಕಿ, ಸೋಮವಾರ ಬೆಂಗಳೂರಿಂದ ಮೊದಲ ಬಸ್ಸಿಗೇ ಪಾವಗಡದ ದಾರಿ ಹಿಡಿದೆ. ರೂಮಿನ ಬಾಗಿಲಲ್ಲಿ ನನ್ನ ನೋಡಿ ಅವರು "ಬಂದ್ಯಾ?" ಅಂದರು, ಅಷ್ಟೇ. ನನ್ನ ಕೈಯ ಬ್ಯಾಗು ತೆಗೆದುಕೊಂಡರು.

ಅಷ್ಟರಲ್ಲಿ ಮನೆಯೊಡತಿ ನಮ್ಮವರಿಂದ ಕೇಳಿದ ಸುದ್ದಿಯನ್ನು ನಲ್ಲಿ ಹತ್ತಿರ ಹಂಚಿದ್ದಳು. ತೆಲುಗಿನಲ್ಲಿ ಸೋಲುವುದಕ್ಕೆ 'ಓಡಿಪೋವಡಂ' ಅನ್ನುತ್ತಾರೆ. "ಪಾಪಂ, ಮೇಷ್ಟ್ರ ಹೆಂಡ್ತಿ ಓಡಿಪೋಯಿಂದಂಟ" ಎಂದು ಆಕೆ ಅಂದದ್ದು, ಮೈಸೂರು ಕಡೆಯಿಂದ ಹೊಸದಾಗಿ ಬಂದ, ತೆಲುಗಿನ ಗಂಧವಿಲ್ಲದ, ನಮ್ಮವರ ಶಾಲೆಯ ಹೆಡ್‌ಮಾಸ್ಟರ ಕಿವಿಗೆ ಬಿದ್ದಿತ್ತು. ನಾನು ಒಳಗೆ ಕಾಫಿಗಿಟ್ಟಿದ್ದೆ. ಹೆಡ್‌ಮಾಸ್ಟರು ಬಂದು ಕುಳಿತ ಸದ್ದಾಯಿತು.

"ಮೇಷ್ಟ್ರೇ, ಧೈರ್ಯ ತಂದ್ಕೊಳ್ಳಿ."

"ಅಯ್ಯೋ, ಬಿಡಿ ಸಾರ್. ಒಂದಲ್ಲ ಒಂದಿನ ಆಗ್ಬೇಕಾದ್ದೇ."

"ನಿಮಗೆ ಮೊದ್ಲೇ ಗೊತ್ತಿತ್ತಾ?"

"ಪ್ರತಿ ಭಾನುವಾರ ದೇವರಿಗೆ ಕೈ ಮುಗೀತಿದ್ದೆ ಸಾರ್, ಈ ವಾರನಾದ್ರೂ ಆಗೋಗ್ಲಿ ಅಂತ."

ಹೆಡ್‌ಮಾಸ್ಟರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಯಾರು... ಆ ಮನುಷ್ಯ?"

"ದಾವಣಗೆರೆ ಹುಡುಗ ಸಾರ್. ಇನ್ನೂ ಕಾಲೇಜು ಓದ್ತಾ ಇದಾನೆ. ಬಲೇ ಚುರುಕಂತೆ."

"ಕಾಲೇಜು ಹುಡುಗನಾ!"

"ಇವಳೇ ಕೈ ಕುಲುಕಿ ಆಶೀರ್ವಾದ ಮಾಡಿದ್ಲಂತೆ. ಅವನಿಗೂ ಒಳ್ಳೇದಾಗ್ಲಿ ಸಾರ್."

"ಎಂಥಾ ಮನಸ್ಸು ಮೇಷ್ಟ್ರೇ ನಿಮ್ದು," ಎಂದು ಹೆಡ್‌ಮಾಸ್ಟರು ಕರವಸ್ತ್ರ ತೆಗೆದರು. ಆಗ ನಾನು ಕಾಫಿ ಹಿಡಿದು ಹೊರಗೆ ಬಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ಇಷ್ಟು ಬೇಗ ವಾಪಸ್ ಬಂದ್ರಾ!"

"ಮನಸ್ಸು ತಡೀಲಿಲ್ಲ ಸಾರ್, ಮೊದಲನೇ ಬಸ್ಸಿಗೇ ಬಂದ್ಬುಟ್ಟೆ."

"ಮತ್ತೆ... ಆ ಹುಡುಗ?"

"ಅವನಿಗೇನು ಸಾರ್," ಅಂದೆ ಲೋಟ ಅವರ ಕೈಗಿಡುತ್ತಾ, "ಮುಂದಿನ ಭಾನುವಾರಕ್ಕೆ ಅವನಿಗೆ ಹಾಸನದ ಟೀಚರ್ ಸಿಕ್ಕಿದಾರೆ."